ಮಾತಾಡದ ಮಗು, ಮಾತು ಕಲಿಸುವ ಕಂಪನಿ

ನನ್ನ ಮಗಳು ಚಿಕ್ಕವಳಿದ್ದಾಗ ಮನೆಯೊಳಗೆ ಬಾಯಿ ಮುಚ್ಚುತ್ತಿರಲಿಲ್ಲ, ಹೊಸ್ತಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ಅಜ್ಜಿಗೆ ಕಥೆ ಕಟ್ಟಿ ಹೇಳುತ್ತಿದ್ದಳು, ಕೊಟ್ಟಿಗೆಯ ಕರುವಿಗೆ ಬೈಯುತ್ತಿದ್ದಳು. ನೆಂಟರು ಬಂದರೆ ಮಾತ್ರ ನನ್ನ ಸೆರಗಿನ ಹಿಂದೆ. ಅವಳು ಹುಟ್ಟಿದ್ದು 2016ರಲ್ಲಿ. ಎಲ್‌ಕೆಜಿಗೆ ಸೇರಿಸಬೇಕೆನ್ನುವಷ್ಟರಲ್ಲಿ ಕೊರೊನಾ ಬಂತು. ಮಲೆನಾಡಿನ ಸಾಗರ ಪೇಟೆಯ ಆಚೆ, ತೋಟದ ನಡುವಿನ ಒಂಟಿ ಮನೆ ನಮ್ಮದು. ಆ ಎರಡು ವರ್ಷ ಅವಳು ಕಂಡ ಮುಖಗಳೆಂದರೆ ನಾನು, ಯಜಮಾನರು, ಅತ್ತೆ, ಕೊನೆ ಕೊಯ್ಯಲು ಬರುವ ಒಂದಿಬ್ಬರು. 2022ರ ಜೂನಿನಲ್ಲಿ ನೇರವಾಗಿ ಒಂದನೇ ಕ್ಲಾಸಿಗೆ, ಅದೂ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ, ವ್ಯಾನ್ ಹತ್ತಿದಳು.

ಮೊದಲ ಪೋಷಕರ ಸಭೆಯಲ್ಲೇ ಮಿಸ್ ಹೇಳಿದರು: ‘ಅಕ್ಷರ ಚಂದ ಬರೀತಾಳೆ, ಆದರೆ ಬಾಯಲ್ಲಿ ಒಂದು ಮಾತೂ ಇಲ್ಲ. ಇಂಗ್ಲಿಷಿಗೆ ಮನೆಯಲ್ಲಿ ಏನಾದರೂ ವ್ಯವಸ್ಥೆ ಮಾಡಿ.’ ನಮ್ಮ ಕಡೆ ಆರು ವರ್ಷದ ಮಗುವಿಗೆ ಇಂಗ್ಲಿಷ್ ಮಾತು ಕಲಿಸುವವರು ಸಿಗುವುದಿಲ್ಲ. ಪೇಟೆಯಲ್ಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸು ಡಿಗ್ರಿ ಮುಗಿಸಿದ ಹುಡುಗರಿಗೆ. ಉಳಿದದ್ದು ಫೋನು.

ಒಂದು ಜಾಹೀರಾತಿನಲ್ಲಿ ನಂಬರು ಹಾಕಿ ಅನ್ನ ಬಸಿಯುವಷ್ಟರಲ್ಲಿ ಕರೆ ಬಂತು. ಉಚಿತ ಡೆಮೊ ಕ್ಲಾಸಿಗೆ ಅವರದೊಂದು ಷರತ್ತು: ತಂದೆ ತಾಯಿ ಇಬ್ಬರೂ ಕೂತಿರಬೇಕು. ಯಾಕೆಂದು ಆಗ ಹೊಳೆಯಲಿಲ್ಲ. ‘ಯಜಮಾನರನ್ನು ಕೇಳಿ ಹೇಳ್ತೇನೆ’ ಎಂಬ ಮಾತಿಗೆ ಜಾಗ ಇರಬಾರದಲ್ಲ, ಅದಕ್ಕೆ. ಡೆಮೊದ ಮೇಡಂ ಬಹಳ ಚೆನ್ನಾಗಿದ್ದರು. ಆನೆಯ ಚಿತ್ರ ತೋರಿಸಿದರು, ಸೊಂಡಿಲಿನ ಹಾಗೆ ಕೈ ಆಡಿಸಿದರು. ಮಗಳು ಮಾತಾಡಲಿಲ್ಲ, ಆದರೆ ನಕ್ಕಳು, ತಲೆಯಾಡಿಸಿದಳು. ಪರದೆಯ ಮೇಲೆ ನಕ್ಷತ್ರಗಳು ಉದುರಿದವು.

ಆಮೇಲೆ ಕೌನ್ಸೆಲರ್ ಎನ್ನುವವರ ಸರದಿ. ‘ನಿಮ್ಮ ಮಗಳು ಬುದ್ಧಿವಂತೆ ಮೇಡಂ, ಕಾನ್ಫಿಡೆನ್ಸ್ ಮಾತ್ರ ಕಡಿಮೆ. ಈ ವಯಸ್ಸಿನಲ್ಲಿ ಸರಿಮಾಡದಿದ್ದರೆ ಮುಂದೆ ಕಷ್ಟ.’ ಒಂದು ವರ್ಷದ ಕೋರ್ಸು. ಬೆಲೆ ಮೊದಲು ಒಂದು ಹೇಳಿದರು. ನಾವು ಸುಮ್ಮನಿದ್ದಷ್ಟೂ ಜಾತ್ರೆಯ ಅಂಗಡಿಯವರ ಹಾಗೆ ಇಳಿಸುತ್ತ ಬಂದು 40,000 ರೂಪಾಯಿಯ ಹತ್ತಿರ ನಿಲ್ಲಿಸಿದರು. ಈ ಬೆಲೆ ಇವತ್ತು ರಾತ್ರಿಯವರೆಗೆ ಮಾತ್ರ, ತಿಂಗಳು ತಿಂಗಳು ಕಟ್ಟಿದರೆ ಸಾಕು, ಬಡ್ಡಿ ಇಲ್ಲ ಎಂದರು. ಯಜಮಾನರ ಪ್ಯಾನ್, ಆಧಾರ್, ಒಂದು ಓಟಿಪಿ. ಒಳಗಿನಿಂದ ಅತ್ತೆ, ‘ಮಗು ಮಾತಾಡಲ್ಲ ಅಂತ ಸಾಲ ಮಾಡ್ತೀರೇನ್ರೋ?’ ಎಂದು ಕೇಳಿದ್ದು ತಮಾಷೆಗೆ. ಮರುದಿನ ಬಂದ ಮೆಸೇಜಿನಲ್ಲಿ ಅದೇ ಇತ್ತು. ನಾವು ಹೆಸರು ಕೇಳಿರದ ಒಂದು ಫೈನಾನ್ಸ್ ಕಂಪನಿ ಯಜಮಾನರ ಹೆಸರಿನಲ್ಲಿ ಸಾಲ ಮಂಜೂರು ಮಾಡಿತ್ತು. ವರ್ಷದ ಪೂರ್ತಿ ಹಣ ಪಾಠದ ಕಂಪನಿಗೆ ಆಗಲೇ ಸಂದಿತ್ತು. ಕಂತು ಕಟ್ಟುವ ಬಾಧ್ಯತೆ ಮಾತ್ರ ನಮ್ಮದು.

ಕ್ಲಾಸು ಶುರುವಾದಾಗ ಬಂದವರು ಡೆಮೊದ ಮೇಡಂ ಅಲ್ಲ. ಮುಂದಿನ ವಾರ ಇನ್ನೊಬ್ಬರು. ಒಬ್ಬರ ದನಿಗೆ ಮಗು ಒಗ್ಗುವಷ್ಟರಲ್ಲಿ ಮತ್ತೊಬ್ಬರು. ಪರದೆಯ ಮೇಲೆ ಬೇರೆ ಊರುಗಳ ಐದಾರು ಮಕ್ಕಳು, ಪಟಪಟನೆ ಇಂಗ್ಲಿಷ್ ಆಡುವವರು. ಎಲ್ಲರ ಕ್ಯಾಮೆರಾ ತೆರೆದಿರಬೇಕು, ಸರದಿ ಬಂದಾಗ ಎಲ್ಲರೂ ಉತ್ತರಿಸಬೇಕು. ನಮ್ಮವಳ ಸರದಿ ಬಂದಾಗ ಮೇಡಂ ಪ್ರಶ್ನೆ ಕೇಳುತ್ತಿದ್ದರು, ಮತ್ತೆ ಕೇಳುತ್ತಿದ್ದರು, ‘ಗಟ್ಟಿಯಾಗಿ ಹೇಳು’ ಎನ್ನುತ್ತಿದ್ದರು. ಅಷ್ಟರಲ್ಲಿ ಬೇರೆ ಮಗುವೊಂದು ಉತ್ತರ ಕೂಗಿ ನಕ್ಷತ್ರ ಗೆಲ್ಲುತ್ತಿತ್ತು. ಕೊನೆಗೆ ನಕ್ಷತ್ರಗಳ ಪಟ್ಟಿ, ಅದರ ತಳದಲ್ಲಿ ಯಾವಾಗಲೂ ನಮ್ಮವಳ ಹೆಸರು. ಓದಲು ಬರುತ್ತಿದ್ದ ಕೆಲವೇ ಇಂಗ್ಲಿಷ್ ಪದಗಳಲ್ಲಿ ಅವಳ ಹೆಸರೂ ಒಂದು.

ಕ್ಲಾಸಿದ್ದ ಸಂಜೆ ಹೊಟ್ಟೆನೋವು ಶುರುವಾಯಿತು. ಕ್ಲಾಸಿನ ದಿನವಾದ ಬುಧವಾರ ಬಂತೆಂದರೆ ಬೆಳಿಗ್ಗೆಯೇ ತಿಂಡಿ ಬೇಡ. ಬಲವಂತವಾಗಿ ಕೂರಿಸಿದರೆ ಮೇಜಿನ ಕೆಳಗೆ ಇಳಿದುಬಿಡುತ್ತಿದ್ದಳು. ಕ್ಯಾಮೆರಾದಲ್ಲಿ ಖಾಲಿ ಕುರ್ಚಿ. ಆಮೇಲೆ ಮನೆಯ ಮಾತೂ ಕಡಿಮೆಯಾಯಿತು. ಅಜ್ಜಿಗೆ ಕಥೆ ಹೇಳುವುದು ನಿಂತ ಮೇಲೆ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಮಲೆನಾಡಿನ ಮಳೆಗಾಲ ಬೇರೆ. ಗಾಳಿ ಎದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನೆಟ್ಟಿಲ್ಲ. ತಪ್ಪಿದ ಕ್ಲಾಸೂ ಅವರ ಲೆಕ್ಕದಲ್ಲಿ ಮುಗಿದ ಕ್ಲಾಸೇ. ಕರೆಂಟು ಹೋದ ಸಂಜೆ ಮಗಳಿಗೆ ಆಗುತ್ತಿದ್ದ ಖುಷಿ ನೋಡಿದರೆ ಅಳು ಬರುತ್ತಿತ್ತು.

ಶಿವಮೊಗ್ಗದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವರು ಮಾತಿನ ಬಗ್ಗೆಯೇ ಬಹಳ ಹೊತ್ತು ಕೇಳಿದರು. ಮನೆಯಲ್ಲಿ ಸರಾಗವಾಗಿ ಮಾತಾಡುವ ಮಗು ಶಾಲೆಯಂಥ ಕಡೆ ತಿಂಗಳುಗಟ್ಟಲೆ ಮೂಕವಾದರೆ ಅದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರಂತೆ. ಅದು ಹಟವಲ್ಲ, ಅಂಜಿಕೆ. ಆದರೆ ಆ ಭಾಷೆಯೇ ಬಾರದೆ ಸುಮ್ಮನಿರುವ ಮಗುವಿಗೆ ಆ ಹೆಸರು ಕೊಡುವುದಿಲ್ಲ. ವ್ಯಾನಿನ ಗೆಳತಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಾಳೆ ಎಂದೆ. ‘ಹಾಗಿದ್ದರೆ ಅವಸರ ಬೇಡ, ನೋಡೋಣ. ಹೊಸ ಭಾಷೆಗೆ ಬಿದ್ದ ಎಷ್ಟೋ ಮಕ್ಕಳು ಮೊದಲು ಬರೀ ಕೇಳಿಸಿಕೊಳ್ತಾರೆ. ಕೇಳುವುದೂ ಕಲಿಕೆಯೇ ಅಮ್ಮ. ಮೊದಲು ಆ ಕ್ಲಾಸು ನಿಲ್ಲಿಸಿ’ ಎಂದರು.

ಕ್ಲಾಸು ನಿಲ್ಲಿಸುವುದು ಮಗುವಿನ ಮಟ್ಟಿಗೆ ಸುಲಭ, ಅವತ್ತೇ ನಿಂತಿತು. ಹಣದ ಮಟ್ಟಿಗೆ ಅಲ್ಲ. ಸೇರಿಸುವಾಗ ರಾತ್ರಿ ಹತ್ತಕ್ಕೂ ಕರೆ ಮಾಡುತ್ತಿದ್ದ ಕೌನ್ಸೆಲರ್ ಈಗ ಫೋನು ಎತ್ತಲಿಲ್ಲ. ಹಣ ವಾಪಸಿನ ಗಡುವು ಮುಗಿದಿದೆ ಎಂದು ಕಂಪನಿ ಬರೆಯಿತು. ಗಡುವನ್ನು ಎಣಿಸಿದ್ದು ಮೊದಲ ಕ್ಲಾಸಿನಿಂದಲ್ಲ, ಹಣ ಸಂದಾಯವಾದ ದಿನದಿಂದ. ಪಾಠಕ್ಕೂ ತಮಗೂ ಸಂಬಂಧವಿಲ್ಲ, ಕಂತು ತಪ್ಪಿದರೆ ಸಿಬಿಲ್ ಸ್ಕೋರು ಬೀಳುತ್ತದೆ ಎಂದು ಫೈನಾನ್ಸಿನವರು ಹೇಳಿದರು. ತೋಟದ ಮೇಲೆ ಬೆಳೆಸಾಲ ತೆಗೆಯುವ ಯಜಮಾನರು ಆ ಮಾತಿಗೆ ಬೆವರಿದರು. ಕಂತು ಕಟ್ಟುತ್ತಲೇ ಜಗಳ ಮುಂದುವರಿಸಿದೆವು.

ನಾನು ಕೆಲಸ ಮಾಡುವುದು ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ. ಕಾಗದ ಪತ್ರ ಜೋಡಿಸಿಡುವ ಅಭ್ಯಾಸ ಇಲ್ಲಿ ಒದಗಿತು. ಕರೆಗಳ ಪಟ್ಟಿ, ಮೆಸೇಜು, ಪ್ರತಿ ವಾರ ಬದಲಾದ ಶಿಕ್ಷಕಿಯರ ವಿವರ, ಡಾಕ್ಟರ ಚೀಟಿ ಎಲ್ಲ ಸೇರಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕನ್ನಡದಲ್ಲೇ ಹೇಳಬಹುದು. ಆ ದೂರಿನ ನಂಬರು ಹಾಕಿ ಕಂಪನಿಗೂ ಸಾಲ ಕೊಟ್ಟವರಿಗೂ ಪತ್ರ ಬರೆದೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ ಎಂದೂ ಸೇರಿಸಿದೆ. ಆಗ ಫೋನು ಅವರಿಂದಲೇ ಬಂತು. ಕೊನೆಗೆ ಉಳಿದ ಕ್ಲಾಸುಗಳ ಹಣದಲ್ಲಿ ಒಂದು ಪಾಲು ಮುರಿದುಕೊಂಡು ಮಿಕ್ಕದ್ದನ್ನು ಸಾಲಕ್ಕೆ ಜಮಾ ಮಾಡಿದರು. ಉಳಿಕೆ ನಾವು ತೀರಿಸಿದೆವು.

ಆನ್‌ಲೈನ್ ಪಾಠದ ಕಂಪನಿಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು: ಉಚಿತವೆಂದದ್ದನ್ನು ಅಳೆದು ನೋಡಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಡಬೇಡಿ, ಷರತ್ತು ಓದಿ. ನಮ್ಮೂರಿನವರೆಗೆ ಅದು ಬರಲಿಲ್ಲ, ಜಾಹೀರಾತು ಬಂತು. ಮೊಬೈಲಿನಲ್ಲಿ ಸಿಗುವ ಸಾಲಗಳಿಗೆ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ತಂದಿತು. ಸಾಲದ ಪೂರ್ತಿ ವೆಚ್ಚ ಒಂದು ಹಾಳೆಯಲ್ಲಿ ಮೊದಲೇ ತಿಳಿಸಬೇಕು, ಮನಸ್ಸು ಬದಲಾದರೆ ದಂಡವಿಲ್ಲದೆ ಹಿಂದೆ ಸರಿಯಲು ಒಂದಿಷ್ಟು ಅವಧಿ ಕೊಡಬೇಕು. ನಮ್ಮ ಸಾಲ ಅದಕ್ಕೆ ಮೊದಲಿನದು. ಈಗ ಓಟಿಪಿ ಒತ್ತುವವರು ಆ ಹಾಳೆಯನ್ನು ಕೇಳಿ ಪಡೆಯಲಿ.

ಮುಂದಿನ ಬೇಸಿಗೆಯವರೆಗೆ ಮನೆಯಲ್ಲಿ ಇಂಗ್ಲಿಷಿನ ಸುದ್ದಿ ಎತ್ತಲಿಲ್ಲ. ಅಜ್ಜಿಯ ಕಥೆ ಮರಳಿ ಬಂದ ಮೇಲೆ ಇನ್ನೊಮ್ಮೆ ಹುಡುಕಿದೆವು, ಈ ಸಲ ನಾನೇ ಪ್ರಶ್ನೆ ಕೇಳುತ್ತ. ಡೆಮೊ ಮಾಡುವವರೇ ಪಾಠ ಮಾಡುತ್ತೀರಾ? ಮಗು ಒಂದೇ ಇರುತ್ತದಾ? ಕ್ಯಾಮೆರಾ ಮುಚ್ಚಿಕೊಳ್ಳಬಹುದಾ? ಕರೆಂಟು ಹೋದರೆ ಏನು? ಹಣ ತಿಂಗಳಿಗಾ, ಕ್ಲಾಸಿಗಾ? ಬಹುತೇಕರು ಮೂರನೆಯ ಪ್ರಶ್ನೆಗೇ ಎಡವಿದರು. ಪರಿಚಯದವರ ಮೂಲಕ ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿ ಸಿಕ್ಕಿದರು. ಪಾಠ ಇಪ್ಪತ್ತೈದು ನಿಮಿಷ, ಮಗು ಒಂದೇ, ಹಣ ಆದ ಕ್ಲಾಸಿಗೆ ಮಾತ್ರ, ಅದೂ ತಿಂಗಳ ಕೊನೆಗೆ. ಅವರಿಗೆ ಕನ್ನಡ ಬರುತ್ತಿತ್ತು; ಮಗು ಕನ್ನಡದಲ್ಲಿ ಉತ್ತರಿಸಿದರೆ ತಡೆಯುತ್ತಿರಲಿಲ್ಲ.

ನನಗೆ ಹಿಡಿಸಿದ್ದು ಅವರು ಕಾಯುವ ರೀತಿ. ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಮಗಳು ಬೆರಳು ತೋರಿಸಿದರೂ ಅದು ಉತ್ತರ, ಚಿತ್ರ ಬರೆದರೂ ಉತ್ತರ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುವುದೇ ಹೆಚ್ಚು, ಅದನ್ನು ಮೂರಕ್ಕೆ ಏರಿಸಿದರೆ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದಾರೆ ಎಂದು ಅವರೇ ಒಮ್ಮೆ ಹೇಳಿದರು. ಪಾಠಕ್ಕೆ ಪುಸ್ತಕ ಕೊಳ್ಳಬೇಕಿರಲಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ. ಹಿಂದಿನ ರಾತ್ರಿ ನಾನು ಕನ್ನಡದಲ್ಲಿ ಓದುತ್ತಿದ್ದೆ. ಮರುದಿನ ಅವರು ಅದನ್ನೇ ಇಂಗ್ಲಿಷಿನಲ್ಲಿ. ಕಥೆ ಮೊದಲೇ ಗೊತ್ತಿದ್ದ ಕಾರಣ ಮಗುವಿಗೆ ಎದುರಿಸಬೇಕಾದದ್ದು ಭಾಷೆ ಒಂದನ್ನೇ. ಮೊದಲು ನಾನು ಪಕ್ಕದಲ್ಲಿ ಕೂರುತ್ತಿದ್ದೆ, ಆಮೇಲೆ ಬಾಗಿಲ ಬಳಿ, ಆಮೇಲೆ ಅಡುಗೆಮನೆಯಲ್ಲಿ.

ಮನೆಯ ಹೊರಗೆ ಅವಳು ಈಗಲೂ ವಾಚಾಳಿಯಲ್ಲ. ಶಾಲೆಯಲ್ಲಿ ಹಾಜರಿಗೆ ಉತ್ತರಿಸುತ್ತಾಳೆ, ಕೇಳಿದ್ದಕ್ಕೆ ಸಣ್ಣ ದನಿಯಲ್ಲಿ ಹೇಳುತ್ತಾಳೆ, ಇಂಗ್ಲಿಷ್ ಪುಸ್ತಕ ತಾನೇ ಓದುತ್ತಾಳೆ. ನಮಗೆ ಅಷ್ಟು ಸಾಕು.

ಅಂಜುವ ಮಗುವಿಗೆ ಆನ್‌ಲೈನ್ ಪಾಠ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ ನನ್ನ ಮಾತಿಷ್ಟೆ. ಡೆಮೊದಲ್ಲಿ ಮಗು ಎಷ್ಟು ಮಾತಾಡಿತು ಎಂದು ನೋಡಬೇಡಿ. ಮಗು ಸುಮ್ಮನಿದ್ದಾಗ ಶಿಕ್ಷಕರು ಏನು ಮಾಡಿದರು ಎಂದು ನೋಡಿ. ಶಿಕ್ಷಕರು ಬದಲಾಗುವ ಕಡೆ ಸೇರಿಸಬೇಡಿ. ‘ಇವತ್ತು ರಾತ್ರಿಯವರೆಗೆ ಮಾತ್ರ’ ಎಂದವರಿಗೆ ನಾಳೆ ಬೆಳಿಗ್ಗೆ ಹೇಳುತ್ತೇವೆ ಎನ್ನಿ. ಹಣ ತಿಂಗಳಿನದಷ್ಟೇ ಕೊಡಿ, ಒಂದು ವರ್ಷದ್ದು ಕೇಳಿದರೆ ಬೇರೆಯವರನ್ನು ಹುಡುಕಿ.