ಎಲ್ಲರೂ ಇಳಿದ್ರಾ?

ಅವತ್ತು ಗುರುವಾರ. ಬೆಳಿಗ್ಗೆ ಒಂಬತ್ತೂಕಾಲು. ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ದುಡ್ಡು ಕೊಟ್ಟು, ಇಡ್ಲಿ ವಡೆಯ ಟೋಕನ್ ಹಿಡ್ಕೊಂಡು ಕೌಂಟರ್ ಮುಂದೆ ನಿಂತಿದ್ದೆ. ಫೋನ್ ಬಂತು. ನಮ್ಮ ಆ್ಯಪ್ ಬಳಸುವ ಶಾಲೆಯೊಂದರಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವವರು. ಅವರು ಜೋರಾಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಮೆಲ್ಲಗೆ ಕೇಳಿದರು:

"ಸಾರ್, ಎಲ್ಲಾ ಮಕ್ಕಳೂ ಇಳಿದಿದ್ದಾರೆ ಅಂತ ನಿಮ್ಮ ಆ್ಯಪಲ್ಲಿ ಹಸಿರು ಬಂದಿದೆ. ಆದ್ರೆ ಒಂದು ಮಗು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿತ್ತು. ಇದು ಹೇಗೆ?"

ಮಗುವಿಗೆ ಏನೂ ಆಗಿರಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬಸ್ಸಿನ ಆಯಾ ಇಳಿಯುವ ಮುಂಚೆ ಹಿಂದೆ ಹೋಗಿ ನೋಡಿದ್ದಾರೆ. ಯುಕೆಜಿ ಹುಡುಗ ಬ್ಯಾಗ್ ತಬ್ಬಿಕೊಂಡು ಮಲಗಿದ್ದಾನೆ. ಎಬ್ಬಿಸಿ, ಮುಖ ಒರೆಸಿ, ಕ್ಲಾಸಿಗೆ ಬಿಟ್ಟು ಬಂದಿದ್ದಾರೆ. ಅವರು ನೋಡದೇ ಹೋಗಿದ್ದರೆ? ಬಸ್ಸು ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕಿಟಕಿ ಮುಚ್ಚಿಕೊಂಡು ನಿಂತಿರುತ್ತಿತ್ತು. ಅಷ್ಟರಲ್ಲಾಗಲೇ ಆ ಹುಡುಗನ ಅಮ್ಮನ ಮೊಬೈಲಿಗೆ 'ನಿಮ್ಮ ಮಗು ಸುರಕ್ಷಿತವಾಗಿ ಶಾಲೆ ತಲುಪಿದೆ' ಅಂತ ಮೆಸೇಜ್ ಹೋಗಿತ್ತು.

ಆ ಮೆಸೇಜ್ ಹೋಗಬೇಕಾ ಬೇಡವಾ ಅಂತ ತೀರ್ಮಾನಿಸುವ ಸಾಲು ಬರೆದಿದ್ದು ನಾನು.

ಕೆಲಸವೇನೋ ಸರಳವಾದದ್ದೇ. ಮಕ್ಕಳು ಇಳಿಯುವಾಗ ಬಾಗಿಲ ಹತ್ತಿರದ ಯಂತ್ರಕ್ಕೆ ಕಾರ್ಡ್ ಮುಟ್ಟಿಸುತ್ತಾರೆ. ಡ್ರೈವರ್ 'ಟ್ರಿಪ್ ಮುಗೀತು' ಅಂತ ಬಟನ್ ಒತ್ತುತ್ತಾರೆ. ಆಗ ಪಟ್ಟಿಯಲ್ಲಿರುವ ಒಂದೊಂದು ಮಗುವೂ ಇಳಿದಿದೆಯಾ ಅಂತ ಕೋಡ್ ನೋಡಬೇಕು. ಇದಕ್ಕಂತಲೇ ಜಾವಾಸ್ಕ್ರಿಪ್ಟ್‌ನಲ್ಲಿ 'ಎವೆರಿ' ಅಂತ ಒಂದಿದೆ. ಪಟ್ಟಿ ಕೊಟ್ಟು, ಜೊತೆಗೆ ಒಂದು ಪ್ರಶ್ನೆ ಕೊಟ್ಟರೆ ಎಲ್ಲರನ್ನೂ ಕೇಳುತ್ತಾ ಹೋಗುತ್ತದೆ. ಒಬ್ಬರು 'ಇಲ್ಲ' ಅಂದ ತಕ್ಷಣ ನಿಲ್ಲಿಸಿ 'ಇಲ್ಲ' ಅನ್ನುತ್ತದೆ. ಯಾರೂ 'ಇಲ್ಲ' ಅನ್ನದಿದ್ದರೆ 'ಹೌದು'.

ಮೊದಲು ಕಾರ್ಡಿನ ಲೆಕ್ಕವೆಲ್ಲ ಡ್ರೈವರ್ ಫೋನಿನಲ್ಲೇ ಇತ್ತು. ಕೋಡ್ ಚೆನ್ನಾಗಿಯೇ ನಡೀತಿತ್ತು. ಆಮೇಲೆ ಲೆಕ್ಕ ಸರ್ವರ್‌ಗೆ ಹೋಯಿತು. ಈಗ ಒಂದೊಂದು ಮಗುವಿನ ಬಗ್ಗೆಯೂ ಸರ್ವರನ್ನು ಕೇಳಿ ಉತ್ತರಕ್ಕೆ ಕಾಯಬೇಕು. 'ಅವೇಟ್' ಅಂತ ಸೇರಿಸಿದೆ. ಎಡಿಟರ್ ಕೆಂಪು ಗೆರೆ ಎಳೆಯಿತು: ಅವೇಟ್ ಬೇಕಾದರೆ ಫಂಕ್ಷನ್ ಮುಂದೆ 'ಅಸಿಂಕ್' ಇರಬೇಕು. ಹಾಕಿದೆ. ಕೆಂಪು ಗೆರೆ ಹೋಯಿತು. ನಾನೂ ಊಟಕ್ಕೆ ಹೋದೆ.

ಎಡವಿದ್ದು ಅಲ್ಲೇ. ಅಸಿಂಕ್ ಫಂಕ್ಷನ್ ಕೈಗೆ ಕೊಡೋದು ಉತ್ತರವನ್ನಲ್ಲ, 'ಪ್ರಾಮಿಸ್' ಅನ್ನು. ದರ್ಶಿನಿಯ ಟೋಕನ್ ಇದ್ದ ಹಾಗೆ. ಟೋಕನ್ ಇಡ್ಲಿಯಲ್ಲ, ಮುಂದೆ ಬರಲಿರುವ ಇಡ್ಲಿಯ ಗುರುತು ಅಷ್ಟೆ. ಒಳಗಿಂದ 'ಖಾಲಿ ಆಯ್ತು ಸಾರ್' ಅಂತಲೂ ಬರಬಹುದು. ಆದರೆ ಎವೆರಿಗೆ ಕಾಯೋದು ಗೊತ್ತಿಲ್ಲ. ಕೈಯಲ್ಲಿ ಏನೋ ಒಂದು ಇದೆಯಲ್ಲ, ಸರಿ, ಮುಂದಿನವರು ಅನ್ನುತ್ತದೆ. ಪ್ರಾಮಿಸ್ ಒಂದು ಆಬ್ಜೆಕ್ಟ್. 'ಹೌದಾ ಅಲ್ಲವಾ' ಅಂತ ನೋಡುವ ಕಡೆ ಅದನ್ನಿಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು 'ಹೌದು' ಅಂತಲೇ ಎಣಿಸುತ್ತದೆ. ಒಳಗಿನ ಉತ್ತರ ಏನೇ ಇರಲಿ. ಹಾಗಾಗಿ ನನ್ನ ಸಾಲು ಯಾವತ್ತೂ 'ಇಲ್ಲ' ಅನ್ನುವಂತೆಯೇ ಇರಲಿಲ್ಲ.

ಎವೆರಿಯನ್ನು ಬೈಯೋ ಹಾಗೂ ಇಲ್ಲ. ಅದು ಭಾಷೆಗೆ ಬಂದದ್ದು 2009ರ ಇಎಸ್5ನಲ್ಲಿ. ಪ್ರಾಮಿಸ್ ಸೇರಿದ್ದು 2015ರಲ್ಲಿ, ಅಸಿಂಕ್-ಅವೇಟ್ 2017ರಲ್ಲಿ. ತನಗಿಂತ ಆಮೇಲೆ ಬಂದವರ ರೀತಿನೀತಿ ಅದಕ್ಕೆ ಗೊತ್ತಿಲ್ಲ. "ಟೈಪ್‌ಸ್ಕ್ರಿಪ್ಟ್ ಹಾಕಿದ್ಯಲ್ಲ ಮಗಾ, ಅದೂ ಹೇಳ್ಲಿಲ್ವಾ?" ಅಂದ ಗೆಳೆಯ. ಹೇಳಲ್ಲ. ಎವೆರಿಗೆ ಕೊಟ್ಟ ಫಂಕ್ಷನ್ ಏನನ್ನು ವಾಪಸ್ ಕೊಟ್ಟರೂ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಸಂಜೆ ಲಾಗ್ ತೆಗೆದು ನೋಡಿದೆ. ನನಗೆ ಇವತ್ತಿಗೂ ಮರೆಯೋಕೆ ಆಗದೇ ಇರೋದು ಅದು. ಸರ್ವರ್ ಆ ಹುಡುಗನ ಬಗ್ಗೆ ಸರಿಯಾಗಿಯೇ 'ಇಳಿದಿಲ್ಲ' ಅಂತ ಉತ್ತರ ಕಳಿಸಿತ್ತು. ಹಸಿರು ಬಂದು ಅರ್ಧ ಸೆಕೆಂಡ್ ಆದಮೇಲೆ. ಅಷ್ಟೊತ್ತಿಗೆ ಕೇಳಿಸಿಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ.

ಟೆಸ್ಟ್ ಬರೆದಿರಲಿಲ್ಲವಾ ಅಂತ ನೀವು ಕೇಳಬಹುದು. ಬರೆದಿದ್ದೆ. ಮೂರು ಮಕ್ಕಳು, ಮೂವರೂ ಇಳಿದಿದ್ದಾರೆ, 'ಹೌದು' ಬರಬೇಕು. ಬಂತು. ಒಬ್ಬ ಇಳಿಯದೇ ಉಳಿದರೆ ಏನು ಬರುತ್ತದೆ ಅಂತ ಬರೆದಿರಲಿಲ್ಲ. ಹೊಸ ಕೋಡ್ ಹೋಗಿ ಮೂರು ವಾರ ಎಲ್ಲ ಬಸ್ಸುಗಳೂ ಹಸಿರೋ ಹಸಿರು. ನಮಗೆ ಖುಷಿಯೋ ಖುಷಿ. ಮೂರು ವಾರದಲ್ಲಿ ಒಂದು ಮಗುವೂ ಕಾರ್ಡ್ ಮರೆತಿಲ್ಲವಾ, ಒಂದು ಸಲವೂ ಕೆಂಪು ಬಂದಿಲ್ಲವಲ್ಲ ಅಂತ ಒಬ್ಬರಿಗೂ ಅನುಮಾನ ಬರಲಿಲ್ಲ.

ಸರಿ ಮಾಡೋಕೆ ಎರಡು ದಾರಿ. ಒಂದು, ಎಲ್ಲ ಮಕ್ಕಳ ಬಗ್ಗೆಯೂ ಒಟ್ಟಿಗೇ ಕೇಳಿ, 'ಪ್ರಾಮಿಸ್ ಡಾಟ್ ಆಲ್' ಬಳಸಿ ಎಲ್ಲ ಉತ್ತರ ಬರುವ ತನಕ ಕಾದು, ಆ ನಿಜವಾದ ಉತ್ತರಗಳ ಮೇಲೆ ಎವೆರಿ ಓಡಿಸೋದು. ಇದು ಬೇಗ ಮುಗಿಯುತ್ತದೆ. ಇನ್ನೊಂದು, ಸಾದಾ ಫಾರ್ ಲೂಪ್ ಹಾಕಿ ಒಬ್ಬರಾದ ಮೇಲೆ ಒಬ್ಬರನ್ನು ಕೇಳಿ, ಕಾದು, ಮೊದಲ 'ಇಲ್ಲ'ಕ್ಕೇ ನಿಲ್ಲೋದು. ಇದು ನಿಧಾನ. ನಮಗೆ ಯಾರ್‍ಯಾರು ಇಳಿದಿಲ್ಲ ಅನ್ನೋದೂ ಬೇಕಿತ್ತು, ಅದಕ್ಕೆ ಮೊದಲನೆಯದನ್ನೇ ತಗೊಂಡೆ. ನೆಟ್‌ವರ್ಕ್ ಕೈಕೊಟ್ಟು ಉತ್ತರವೇ ಬರದಿದ್ದರೆ? 'ಗೊತ್ತಿಲ್ಲ' ಅನ್ನೋದನ್ನ 'ಇಳಿದಿಲ್ಲ' ಅಂತಲೇ ಲೆಕ್ಕಕ್ಕೆ ಹಿಡಿದೆ. ಇನ್ನೂ ಒಂದು ಗುಂಡಿ ಇತ್ತು. ಖಾಲಿ ಪಟ್ಟಿ ಕೊಟ್ಟರೂ ಎವೆರಿ 'ಹೌದು' ಅನ್ನುತ್ತದೆ. ತರ್ಕಕ್ಕೆ ಅದು ಸರಿ, 'ಇಲ್ಲ' ಅನ್ನೋಕೆ ಅಲ್ಲಿ ಯಾರೂ ಇಲ್ಲವಲ್ಲ. ಆದರೆ ಮಕ್ಕಳ ಪಟ್ಟಿಯೇ ಲೋಡ್ ಆಗದ ದಿನವೂ ಹಸಿರೇ ಬರುತ್ತದೆ! ಅದನ್ನೂ ಮುಚ್ಚಿದೆ.

ಶನಿವಾರ ಮ್ಯಾನೇಜರ್ ಜೊತೆ ಶಾಲೆಗೆ ಹೋಗಿ ಕ್ಷಮೆ ಕೇಳಿದೆವು. ಆಯಾನೂ ಅಲ್ಲೇ ಇದ್ದರು. ನನ್ನಮ್ಮನ ವಯಸ್ಸು. ಆ್ಯಪಲ್ಲಿ ಹಸಿರು ಬಂದಿದ್ದರೂ ಯಾಕೆ ಹಿಂದೆ ಹೋಗಿ ನೋಡಿದ್ರಿ ಅಂತ ಕೇಳಿದೆ. ಇದೇನು ಪ್ರಶ್ನೆ ಅನ್ನೋ ಥರ ಮುಖ ನೋಡಿದರು.

"ದಿನಾ ನೋಡ್ತೀನಲ್ಲ ಸಾರ್. ಮೊಬೈಲು ಡ್ರೈವರಣ್ಣನ ಹತ್ರ ಇರ್ತದೆ. ಮಕ್ಕಳು ಸೀಟಿನ ಕೆಳಗೂ ಮಲಗಿರ್ತವೆ, ಬಗ್ಗಿ ನೋಡ್ಬೇಕು."

"ಯಾವತ್ತಾದ್ರೂ ಮುಂಚೆ ಸಿಕ್ಕಿದ್ರಾ, ಅಮ್ಮಾ?"

"ಹೂಂ, ಎರಡು ಸಲ. ಅದಕ್ಕೇ ನೋಡೋದು."

ಅವರ ತಪಾಸಣೆ ಎರಡು ಸಲ 'ಇಲ್ಲ' ಅಂದಿತ್ತು. ನನ್ನದು ಒಂದು ಸಲವೂ ಅಂದಿರಲಿಲ್ಲ. ಯಾವುದನ್ನು ನಂಬಬೇಕು ಅನ್ನೋದು ಅಷ್ಟರಲ್ಲೇ ಗೊತ್ತಾಗಬೇಕಿತ್ತು.

ಈಗ ಆ ಫೈಲಿನ ಮೊದಲನೇ ಟೆಸ್ಟ್‌ನಲ್ಲಿ ಮೂವರು ಮಕ್ಕಳು, ಕೊನೆಯವನು ನಿದ್ದೆ ಮಾಡ್ತಿದ್ದಾನೆ. 'ಇಲ್ಲ' ಬರಲೇಬೇಕು. ಎರಡನೆಯದರಲ್ಲಿ ಪಟ್ಟಿ ಖಾಲಿ. ಮೂರನೆಯದರಲ್ಲಿ ಸರ್ವರ್ ಉತ್ತರ ಕೊಡೋದಿಲ್ಲ. ಎಲ್ಲರೂ ಇಳಿದ ಸುಖದ ಕತೆ ನಾಲ್ಕನೆಯದು. ಹೊಸದಾಗಿ ಟೀಮಿಗೆ ಸೇರಿದವರ ಹತ್ತಿರ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದು 'ಇಲ್ಲ' ಅಂದಿದ್ದನ್ನ ನೀವು ಕಣ್ಣಾರೆ ನೋಡಿದ್ದೀರಾ?

ಹೊಸ ಕೋಡ್ ಹೋಗಿ ಒಂದು ವಾರಕ್ಕೆ ಮತ್ತೆ ಆ ಶಾಲೆಗೆ ಹೋಗಿದ್ದೆ, ಬಸ್ಸು ಬರುವ ಹೊತ್ತಿಗೆ. ಮಕ್ಕಳು ಇಳಿದರು, ಡ್ರೈವರ್ ಬಟನ್ ಒತ್ತಿದರು, ಹಸಿರು ಬಂತು. ಈ ಸಲ ನಿಜವಾದ ಹಸಿರು. ಆಯಾ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಸೀಟು ಹಿಡ್ಕೊಂಡು ಕೊನೆಯವರೆಗೂ ಹೋದರು, ಬಗ್ಗಿದರು, ಎದ್ದರು, ವಾಪಸ್ ಬಂದರು. ನನ್ನ ಕೋಡನ್ನು ನಂಬಲಿಲ್ಲವಲ್ಲ ಅಂತ ಬೇಜಾರಾಗಬೇಕಿತ್ತೇನೋ. ಆಗಲಿಲ್ಲ. ಅವರು ಬಸ್ಸಿಂದ ಇಳಿಯೋವರೆಗೂ ನಾನೂ ಅಲ್ಲೇ ನಿಂತಿದ್ದೆ.