ನಮ್ಮ ನೀರಿಗೊಪ್ಪುವ ನಳ

ಹೊಸ ಮನೆ ಕಟ್ಟಿಸುವವರು ಬಾಗಿಲಿನ ಸಾಗವಾನಿಗಾಗಿ ವಾರಗಟ್ಟಲೆ ತಿರುಗುತ್ತಾರೆ. ನಳ ಆರಿಸುವ ಕೆಲಸವನ್ನು ಮಾತ್ರ ಪ್ಲಂಬರನಿಗೆ ಒಪ್ಪಿಸಿಬಿಡುತ್ತಾರೆ. ದಿನವೂ ಬಾಗಿಲಿಗಿಂತ ಹೆಚ್ಚು ಸಲ ಕೈ ಹೋಗುವುದು ನಳಕ್ಕೇ ಅಲ್ಲವೆ? ತಾಳಿಕೋಟೆಯ ನಮ್ಮ ಓಣಿಯಲ್ಲಿ ಯಾರಾದರೂ ಅಡುಗೆಮನೆ ಹೊಸದು ಮಾಡಿಸಿದರೆ "ನಳ ತರಾಕ ಹೊಂಟೀವಿ, ನೀವೂ ಬರ್ರಿ ಅಕ್ಕಾರ" ಎನ್ನುತ್ತಾರೆ. ನನಗೆ ಅದು ಹಬ್ಬ.

ಪೆಟ್ಟಿಗೆ ಬಿಚ್ಚಿದ ಕೂಡಲೇ ನಾನು ನಳವನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತೇನೆ. ಗಟ್ಟಿ ಹಿತ್ತಾಳೆ ಎರಕದ ಭಾರವೇ ಬೇರೆ. ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಹೊಳಪು ಕೊಟ್ಟದ್ದು ಕೈಗೆ ಹಗುರ. ಆಮೇಲೆ ಹೊರಳಿಸಿ ಹಿಂದಿನ ತೂತಿನೊಳಗೆ ಇಣುಕಬೇಕು. ಕ್ರೋಮ್ ಮುಟ್ಟದ ಕಡೆ ಹಿತ್ತಾಳೆಯ ಹಳದಿ ಕಂಡರೆ ಮನಸ್ಸಿಗೆ ಸಮಾಧಾನ. ಕೊನೆಗೆ ಹಿಡಿಕೆ ತಿರುಗಿಸುವ ಸುಖ. ಈಗಿನ ಕಾಲು ಸುತ್ತಿನ ನಳದೊಳಗೆ ನುಣ್ಣಗೆ ಉಜ್ಜಿದ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಜಾರುತ್ತದೆ. ತೂತಿಗೆ ತೂತು ಕೂಡಿದರೆ ನೀರು. ಒಳ್ಳೆಯದಾದರೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಸರಿಯುತ್ತದೆ. ಹಳೆಯ ನಳದಲ್ಲಿ ತಿರುಪು ಇಳಿದು ರಬ್ಬರ್ ವಾಷರನ್ನು ಒತ್ತಿ ನೀರು ಕಟ್ಟುತ್ತದೆ. ಇಂಗ್ಲೆಂಡಿನ ರಾದರಹ್ಯಾಮಿನ ಗೆಸ್ಟ್ ಆ್ಯಂಡ್ ಕ್ರೈಮ್ಸ್ ಕಂಪನಿ ಈ ಬಗೆಗೆ ಪೇಟೆಂಟ್ ಪಡೆದದ್ದು 1845ರಲ್ಲಿ. ಅದು ಇನ್ನೂ ನಮ್ಮ ಹಿತ್ತಿಲಲ್ಲಿ ನಿಯತ್ತಿನಿಂದ ದುಡಿಯುತ್ತಿದೆ.

ಆದರೆ ನಮ್ಮೂರಲ್ಲಿ ನಳವನ್ನು ಆರಿಸಬೇಕಾದದ್ದು ಕಣ್ಣಲ್ಲ, ನೀರು. ಊರ ಮಗ್ಗುಲಲ್ಲಿ ಹರಿಯುವ ಡೋಣಿ ಉಪ್ಪುನೀರಿನದು. ನೆಲದಡಿಯಲ್ಲಿ ಭೀಮಾ ಶ್ರೇಣಿಯ ಸುಣ್ಣಕಲ್ಲು. ಮನೆಗೆ ಹಾಸುವ ಪರಸಿ ಅದೇ ಕಲ್ಲಿನದು. ಬೋರಿನ ನೀರಲ್ಲಿ ಕರಗಿ ಬಂದು ನಳದ ಬಾಯಿಗೆ ಬಿಳಿ ಪೊರೆಯಾಗಿ ಅಂಟುವ ಸುಣ್ಣವೂ ಅದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರಿನ ಕಡೆ ನುಣುಪು ಬಿಲ್ಲೆಯ ಮೇಲೂ ಸುಣ್ಣ ಕೂತು ಹಿಡಿಕೆ ಬಿಗಿಯುತ್ತದೆ, ಮರಳಿನ ಕಣ ಸಿಕ್ಕರೆ ಗೀರು ಬೀಳುತ್ತದೆ. ಗೀರು ಬಿದ್ದ ಸೆರಾಮಿಕ್ಕಿಗೆ ಇಡೀ ಕಾರ್ಟ್ರಿಜ್ ಬದಲಿಸಬೇಕು. ವಾಷರಾದರೆ ಪಾನೆ ಹಿಡಿದು ನಾವೇ ಹಾಕಿಕೊಳ್ಳಬಹುದು. ಹಾಗಾಗಿ ಬೋರಿನ ನೀರು ನೇರ ಬರುವ ಹಿತ್ತಿಲಿಗೆ, ಬಚ್ಚಲಿಗೆ ವಾಷರಿನ ಹಿತ್ತಾಳೆ ನಳವೇ ಸೈ.

ಒತ್ತಡವನ್ನೂ ಲೆಕ್ಕ ಹಾಕಬೇಕು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತದೆ. ಒಂದಂತಸ್ತಿನ ಮನೆಯ ಟಾಕಿ ಸಿಂಕಿನಿಂದ ಮೂರು ಮೀಟರ್ ಮೇಲಿದ್ದರೆ ಸಿಗುವುದು ಅದರ ಮೂರರಲ್ಲಿ ಒಂದು ಪಾಲೂ ಅಲ್ಲ. ಹೆಚ್ಚಿನ ಒತ್ತಡಕ್ಕೆಂದು ಮಾಡಿದ ಚೆಂದದ ಮಿಕ್ಸರ್ ಇಲ್ಲಿ ಸಣ್ಣ ಧಾರೆ ಬಿಡುತ್ತದೆ. ತುದಿಯ ಜಾಲರಿಯನ್ನು, ಅಂದರೆ ಏರೇಟರನ್ನು, ಕೈಯಿಂದಲೇ ಬಿಚ್ಚಲು ಬರುತ್ತದೆಯೇ ಎಂದೂ ನೋಡಿ. ಸುಣ್ಣ ಕಟ್ಟಿದಾಗ ಜಾಲರಿಯನ್ನಷ್ಟೇ ನಿಂಬೆರಸದಲ್ಲಿ ನೆನೆಸಿದರೆ ಬಿಡುತ್ತದೆ. ನಳಕ್ಕೆ ಹುಳಿ ಹಚ್ಚಿ ಬಹಳ ಹೊತ್ತು ಬಿಡಬೇಡಿ, ಕ್ರೋಮ್ ಮಂಕಾಗುತ್ತದೆ.

ಇನ್ನು ರೊಟ್ಟಿ ಬಡಿಯುವ ಕೈ. ಜೋಳದ ಹಿಟ್ಟು ನಾದಿದ ಬೆರಳುಗಳಿಂದ ದುಂಡು ಹಿಡಿಕೆ ತಿರುಗಿಸಿದರೆ ಹಿಟ್ಟೆಲ್ಲ ಅದಕ್ಕೇ ಮೆತ್ತಿ ಒಣಗುತ್ತದೆ. ಉದ್ದ ಹಿಡಿಕೆಯಿದ್ದರೆ ಮುಂಗೈ ತಾಗಿಸಿದರೆ ಸಾಕು, ನೀರು ಬಂತು. ಮತ್ತೆ ತಾಗಿಸಿದರೆ ನಿಂತಿತು. ಕಾಲು ಸುತ್ತಿನ ಸೆರಾಮಿಕ್ ನಳವನ್ನು ನಾನು ಮನಸಾರೆ ಮೆಚ್ಚುವುದು ಇದೊಂದು ಕಾರಣಕ್ಕೆ. ಗೀರಿನ ಭಯವಿದ್ದರೂ ಅಡುಗೆಮನೆಗೆ ಅದೇ ಇರಲಿ, ಟಾಕಿಯಿಂದ ಬರುವ ಪೈಪಿಗೆ ಒಂದು ಸೋಸುಜಾಲರಿ ಹಾಕಿಸಿ. ಕೊಕ್ಕು ಎತ್ತರವಾಗಿ ಬಾಗಿರಬೇಕು, ಸಿಂಕಿನ ನಡುವಿನ ತನಕ ಚಾಚಿರಬೇಕು, ಅತ್ತಿತ್ತ ತಿರುಗಬೇಕು. ಕೊಡ ಅದರಡಿ ನೆಟ್ಟಗೆ ನಿಲ್ಲದಿದ್ದರೆ ಎಷ್ಟು ದುಬಾರಿಯದಾದರೂ ಅದು ನಮ್ಮ ಮನೆಯ ನಳವಲ್ಲ.

ನೀವು ನಳ ಕೊಳ್ಳಲು ಹೊರಟಾಗ ಮನೆಯ ದೊಡ್ಡ ಕೊಡದ ಎತ್ತರವನ್ನು ದಾರದಲ್ಲಿ ಅಳೆದು ಒಯ್ಯಿರಿ. ಮನೆಯಲ್ಲಿ ರೊಟ್ಟಿ ಬಡಿಯುವವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಹಿಡಿಕೆಯನ್ನು ಮೊದಲು ಅವರೇ ತಿರುಗಿಸಿ ನೋಡಲಿ.