ಕೂದೊಂಡೂ ನಿಂದೊಂಡೂ ಬಾರುಸುವ ಪಿಟೀಲು

ಎಂಗಳ ಪಡೀಲಿನ ಮನೆಲಿ ಇಪ್ಪದು ಒಂದೇ ಪಿಟೀಲು. ಜಾಲಿಲಿ ನಿಂದು ಕೇಳಿರೆ ಮಾಂತ್ರ ಎರಡು ಇದ್ದೋ ಹೇಳಿ ಕಾಂಗು. ಉದಿಯಪ್ಪಗ ಆರು ಗಂಟೆಗೆ ತಂಗೆಯ ಮಗಳು ಚಾಪೆ ಹಾಸಿ, ಕಾಲು ಮಡುಸಿ ಕೂದು, ಪಿಟೀಲಿನ ತಲೆಯ ಬಲದ ಪಾದದ ಮೇಲೆ ಮಡಗಿ, ಸರಳೆಂದ ಸುರು ಮಾಡಿ ವರ್ಣದ ವರೆಗೆ ಬಾರುಸುತ್ತು. ಹೊತ್ತೋಪಗ ಕೋಲೇಜಿಂದ ಬಂದು ಕಾಪಿ ಕುಡುದು ಆದ ಕೂಡ್ಲೆ ಅದೇ ಪಿಟೀಲು ಗಲ್ಲದ ಅಡಿಂಗೆ ಹೋವ್ತು. ನಿಂದೊಂಡು, ಕಾಲಿಲಿ ತಾಳ ಹಾಕಿಯೊಂಡು ಬಾರುಸುಗು. ಅಂಬಗ ಬಪ್ಪದು ಐರ್ಲೆಂಡು, ಸ್ಕಾಟ್ಲೆಂಡಿನೋರು ಕೊಣಿವಲೆ ಬಾರುಸುವ ಪದಂಗೊ, ಎಡಕ್ಕಿಲಿ ರಜ ಜಾಸ್. ಹತ್ತರಾಣ ಮನೆಯ ಬಾಯಮ್ಮ ಒಂದರಿ ಬೇಲಿ ಹತ್ತರೆ ಬಂದು, "ಎಂತ ಅಕ್ಕ, ನಿಮ್ಮಲ್ಲಿಯೂ ರೋಸ್ ಉಂಟಾ?" ಹೇಳಿ ಕೇಳಿದವು. ಅವರ ಪೈಕಿ ಮದುವೆಗೆ ಮದಲು ಮಾಡುವ ರೋಸಿಂಗೆ ಬ್ಯಾಂಡು ಬೇಕನ್ನೆ!

ಕೂಸು ಪಿಯುಸಿ ಓದುಲೆ ಹೇಳಿ ಎಂಗಳಲ್ಲಿಗೆ ಬಂದು ನಿಂದದು. ಈಗ ಎರಡ್ನೇ ವರ್ಷ. ಅದರ ಕೆಮಿ ಭಾರೀ ಚುರ್ಕು. ಮಂಗ್ಳೂರು ಜಂಕ್ಷನು ಹತ್ತರೆಯೇ ಆದ ಕಾರಣ ಎಂಗೊಗೆ ಹಗಲೂ ಇರುಳೂ ರೈಲಿನ ಕೂಗು ಕೇಳ್ತು. ಇದು ತೆಳ್ಳವು ತಿಂಬಲ್ಲಿಂದಲೇ, "ದೊಡ್ಡಮ್ಮಾ, ಈಗಾಣ ಇಂಜಿನು ಎರಡು ಸ್ವರ ಒಟ್ಟಿಂಗೆ ಕೂಗಿತ್ತು" ಹೇಳುಗು. ಎನಗೆ ರೈಲು ಬಂತು ಹೇಳಿ ಗೊಂತಪ್ಪದು, ಅಷ್ಟೆ.

ಕಳುದ ಆಟಿಲಿ ಒಂದು ಸಂಗತಿ ಆತು. ಕೋಲೇಜಿನ ಕಾರ್ಯಕ್ರಮಲ್ಲಿ ಇದು ಗಿಟಾರಿನ ಮಾಣಿ ಒಬ್ಬನ ಒಟ್ಟಿಂಗೆ ಬಾರುಸಿದ್ದರ ಆರೋ ಮೊಬೈಲಿಲಿ ತೆಗದು ಕಳ್ಸಿದವು. ಅದು ಸುತ್ತಿ ಸುತ್ತಿ ಪಾಠ ಹೇಳಿಕೊಡುವೋರ ಕೈಗೂ ಎತ್ತಿತ್ತು. "ಅದು ಬೇಕಾರೆ ಇದರ ಬಿಡು. ಎರಡು ದೋಣಿಲಿ ಕಾಲು ಮಡಗಿರೆ ಆಗ" ಹೇಳಿ ಎಲ್ಲಾ ಮಕ್ಕಳ ಎದುರು ಹೇಳಿದವಡ. ಕೂಸು ಮನೆಗೆ ಬಂದು, ಪಿಟೀಲಿನ ಪೆಟ್ಟಿಗೆಯ ಮಂಚದ ಅಡಿಂಗೆ ನೂಕಿತ್ತು. ಮತ್ತೆ 23 ದಿನ ತೆಗದ್ದಿಲ್ಲೆ. ಬಾರುಸು ಹೇಳಿ ಆನು ಹೇಳಿದ್ದೂ ಇಲ್ಲೆ. ಮಳೆಗಾಲಲ್ಲಿ ನೆಲಲ್ಲಿದ್ದರೆ ಬೂಸರು ಹಿಡಿಗು ಹೇಳಿ ಪೆಟ್ಟಿಗೆಯ ಎತ್ತಿ ಕವಾಟಿನ ಒಳ ಮಡಗಿದೆ.

ತಂಗೆಗೆ ಫೋನು ಮಾಡಿರೆ ಅದು ಅಲ್ಲಿ ಕೂಗುದು. ಇಲ್ಲಿ ಮಾವ, "ಬೆರಕೆ ಸಂಗೀತ ಎಂತಕೆ? ಶುದ್ಧದ್ದು ಶುದ್ಧಲ್ಲೇ ಇರೆಕ್ಕು" ಹೇಳಿದವು. ಮಾವನ ಎದುರು ಮಾತಾಡುವ ಕ್ರಮ ಎನಗಿಲ್ಲೆ. ಆದರೆ ಆ 'ಬೆರಕೆ' ಹೇಳ್ತ ಶಬ್ದ ತಲೆಲಿ ಕೂದತ್ತು. ಹಾಂಗಾರೆ ಈ ಪಿಟೀಲು ಎಲ್ಲಿಂದ ಬಂದದು? ಎನಗೆ ಸಂಗೀತ ಬತ್ತಿಲ್ಲೆ, ಪಿಯುಸಿಂದ ಮೇಲೆ ಓದಿದ್ದೂ ಇಲ್ಲೆ. ಮಧ್ಯಾಹ್ನ ಪಾತ್ರೆ ತೊಳದಿಕ್ಕಿ ಕೂದು ಹುಡ್ಕಿ ಓದುಲೆ ಅದೆಲ್ಲ ಬೇಕಾವ್ತಿಲ್ಲೆನ್ನೆ.

ಪಿಟೀಲು ನಮ್ಮದಲ್ಲವೇ ಅಲ್ಲ! ಸುಮಾರು 200 ವರ್ಷ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿಲಿ ಇಂಗ್ಲಿಷರ ಬ್ಯಾಂಡಿನೋರತ್ರೆ ಇದರ ಕಲ್ತದಡ. ಕರ್ನಾಟಕ ಸಂಗೀತಕ್ಕೆ ಪಿಟೀಲು ಹೊಕ್ಕದು ಹಾಂಗೆ. ಇನ್ನುದೇ ಇದ್ದು, ಕೇಳಿ. ಆ ಬ್ಯಾಂಡಿನ ಧಾಟಿಗಳ ಕೇಳಿ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತಲ್ಲಿ ಸಾಹಿತ್ಯ ಮಾಡಿದವು. ಮಕ್ಕೊಗೆ ಸುರುವಿಂಗೆ ಹೇಳಿಕೊಡ್ತವಿಲ್ಲೆಯಾ, ನೋಟುಸ್ವರ ಹೇಳಿ? ಅದುವೇ. ಸುಮಾರು 40 ಇದ್ದು, ಎಲ್ಲಾ ಶಂಕರಾಭರಣದ ಸ್ವರಂಗಳಲ್ಲಿ. 'ಸಂತತಂ ಪಾಹಿಮಾಂ' ಇಂಗ್ಲೆಂಡಿನ ರಾಜನ ಹೊಗಳುವ ಪದದ ಧಾಟಿ. 'ವಂದೇ ಮೀನಾಕ್ಷಿ' ಇದ್ದಲ್ಲದಾ, ನಮ್ಮ ಮನೆಗಳ ಎಷ್ಟು ಕೂಸುಗೊ ನವರಾತ್ರಿಗೆ ಹೇಳ್ತವು! ಅದರ ಧಾಟಿ ಐರ್ಲೆಂಡಿನ 'ರೇಕ್ಸ್ ಆಫ್ ಮ್ಯಾಲೋ' ಹೇಳ್ತ ಪದದ್ದು. ಮ್ಯಾಲೋ ಹೇಳಿರೆ ಅಲ್ಯಾಣ ಒಂದು ಪೇಟೆ. ಅಲ್ಲಿ ಕುಡುದು, ಕೊಣುದು, ಪೈಸೆ ಹಾಳುಮಾಡುವ ಪೋಲಿ ಮಾಣಿಯಂಗಳ ಮೇಲೆ ಮಾಡಿದ ಪದ ಅದು. ಮಧುರೆಯ ಅಬ್ಬೆ ಆ ಪೋಲಿಗಳನ್ನೂ ತೊಡೆಲಿ ಕೂರ್ಸಿಗೊಂಡತ್ತು ಹೇಳಿ ಎನಗೆ ಒಬ್ಬಂಗೇ ನೆಗೆ ಬಂತು. ಅಮೇರಿಕಲ್ಲಿಪ್ಪ ಕಣ್ಣಿಕೇಶ್ವರನ್ ಹೇಳ್ತ ಸಂಗೀತಗಾರರು ಈ ಎರಡು ಕಡೆಯ ನೆಂಟಸ್ತಿಕೆಯನ್ನೇ ಹಿಡ್ಕೊಂಡು 'ವಿಸ್ಮಯ' ಹೇಳಿ ಒಂದು ಆಲ್ಬಮ್ಮು ಮಾಡಿದ್ದವು.

ಮೆಣಸಿನ ಸಂಗತಿಯೂ ಹೀಂಗೇ ಅಲ್ಲದಾ? ಪೋರ್ಚುಗೀಸರು ತಂದದು. ಈಗ ಅದಿಲ್ಲದ್ದೆ ಮೆಡಿ ಉಪ್ಪಿನಕಾಯಿ ಅಕ್ಕೋ? ಆದರೆ ತಿಥಿ ಅಡಿಗೆಗೆ ಇಂದಿಂಗೂ ಒಳ್ಳೆಮೆಣಸೇ. ಎಲ್ಲಿ ಎಂತರ ಹಾಕೆಕ್ಕು ಹೇಳಿ ನಮ್ಮ ಅಜ್ಜಿಯಕ್ಕೊಗೆ ಗೊಂತಿತ್ತು, ಎರಡನ್ನೂ ಒಂದೇ ಅಡಿಗೆಕೋಣೆಲಿ ಮಡಿಕ್ಕೊಂಡಿತ್ತಿದ್ದವು.

ಅಂಬಗಳೇ ಸಿಕ್ಕಿದ್ದು ಡಾ. ಜ್ಯೋತ್ಸ್ನಾ ಶ್ರೀಕಾಂತ್ ಇವರ ಕತೆ. ನಮ್ಮ ಬೆಂಗ್ಳೂರಿನವು. ಅಬ್ಬೆ ರತ್ನಾ ಶ್ರೀಕಂಠಯ್ಯ, ಸಂಗೀತ ಕಲುಶುವೋರು. ಸುರೂವಾಣ ಪಾಠ ಅಬ್ಬೆಯ ಹತ್ತರೆಯೇ. ಪಿಟೀಲು ಕಲ್ತದು ಆರ್. ಆರ್. ಕೇಶವಮೂರ್ತಿಗಳತ್ರೆ. ಕೇಶವಮೂರ್ತಿಗೊ ಆರು ಹೇಳಿರೆ, ಪಿಟೀಲು ಚೌಡಯ್ಯನವರ ಶಿಷ್ಯರು. ಗುರು ಶಿಷ್ಯರು ಇಬ್ರೂ 7 ತಂತಿಯ ಪಿಟೀಲು ಬಾರುಸಿದೋರು. ಎಲ್ಲಾ ಪಿಟೀಲಿಂಗೂ ನಾಲ್ಕೇ ತಂತಿ ಇಪ್ಪದು. ಮೈಕು ಇಲ್ಲದ್ದ ಕಾಲಲ್ಲಿ ಹಿಂದೆ ಕೂದೋರಿಂಗೂ ಕೇಳಲಿ ಹೇಳಿ ಚೌಡಯ್ಯ ಮೂರು ಸೇರ್ಸಿದ್ದು. ಶುದ್ಧದ ಪಾಲಿಂಗೆ ಅದೂ ಒಂದು ಹೊಸತ್ತೇ ಆಗಿತ್ತಲ್ಲದಾ? ಜ್ಯೋತ್ಸ್ನಾ ಅಂಥವರ ಕೈಲಿ ಗಟ್ಟಿ ಅಡಿಪಾಯ ಹಾಕಿಸಿಗೊಂಡವು. ಪಾಶ್ಚಾತ್ಯ ಪಿಟೀಲೂ ಕಲ್ತವು. ಎಡಕ್ಕಿಲಿ ಡಾಕ್ಟ್ರಿಕ್ಕೆಯನ್ನೂ ಓದಿ ಮುಗುಶಿದವು! ಮತ್ತೆ ಲಂಡನಿಂಗೆ ಹೋಗಿ 'ಬೆಂಗಳೂರ್ ಡ್ರೀಮ್ಸ್' ಹೇಳಿ ಒಂದು ತಂಡ ಕಟ್ಟಿದವು, ಕರ್ನಾಟಕ ಸಂಗೀತ ಮತ್ತೆ ಜಾಸ್ ಸೇರಿದ್ದು. ಸ್ವೀಡನ್ನಿನ ಹಳ್ಳಿ ಪದ ಬಾರುಸುವೋರ ಒಟ್ಟಿಂಗೆ 'ನಾರ್ಡಿಕ್ ರಾಗ' ಹೇಳಿ ಮಾಡಿದ್ದವು. ಎನಗೆ ಮೆಚ್ಚಿದ್ದು ಎಂತರ ಹೇಳಿರೆ, ಅವು ಕಚೇರಿಯನ್ನೂ ಬಿಟ್ಟಿದವಿಲ್ಲೆ. ಸೀರೆ ಉಟ್ಟು, ನೆಲಲ್ಲಿ ಕೂದು ರಾಗ ತಾನ ಪಲ್ಲವಿ ಬಾರುಸುಗು.

ಬೇರೆಯೋರೂ ಇದ್ದವು. ಕವಿತಾ ಕೃಷ್ಣಮೂರ್ತಿಯ ಪದ್ಯ ಕೇಳದ್ದ ಹೆಮ್ಮಕ್ಕೊ ಆರಿದ್ದವು? ಅವರ ಯಜಮಾನ್ರು ಎಲ್. ಸುಬ್ರಮಣ್ಯಂ ಪ್ಯಾರಿಸ್ಸಿನ ಜಾಸ್ ಪಿಟೀಲುಗಾರ ಸ್ಟೆಫಾನ್ ಗ್ರಪೆಲ್ಲಿಯ ಒಟ್ಟಿಂಗೆ 1984ರಲ್ಲೇ ಆಲ್ಬಮ್ಮು ಮಾಡಿದೋರು. ಅವರ ಮಗ ಅಂಬಿ ಈಗ ಅಪ್ಪನ ಹಾಂಗೇ ಎಲ್ಲಾ ನಮುನೆಯನ್ನೂ ಬಾರುಸುತ್ತ. ಕೂಸಿಂಗೆ ಮರುಳು ಹಿಡುಶಿದ್ದು ಮಾಂತ್ರ ಅಮೇರಿಕದ ಜೆರೆಮಿ ಕಿಟ್ಟೆಲ್ ಹೇಳುವವ. ಸ್ಕಾಟ್ಲೆಂಡಿನ ಪಿಟೀಲಿಲಿ ಅಲ್ಯಾಣ ರಾಷ್ಟ್ರಮಟ್ಟದ ಚಾಂಪಿಯನ್ನು, ಮತ್ತೆ ಹೋಗಿ ಜಾಸ್ ಓದಿದವ. ಅವಂದು ಹಾಕಿರೆ ಈ ಕೂಸಿಂಗೆ ಕಾಪಿ ತಣುದ್ದೂ ಗೊಂತಾವ್ತಿಲ್ಲೆ.

ಎನಗೆ ಅದೆಲ್ಲ ಎಂತ ಅರ್ಥ ಅಪ್ಪದು ಹೇಳಿ ಕೇಳೆಡಿ. ಕೂಸೇ ತಾಳ ಹಾಕಿ ಹೇಳಿಕೊಟ್ಟತ್ತು. ಐರಿಶ್ ಪದಂಗಳಲ್ಲಿ 'ಜಿಗ್' ಹೇಳಿರೆ ತಕಿಟ ತಕಿಟ, ನಮ್ಮ ತಿಶ್ರ. 'ರೀಲ್' ಹೇಳಿರೆ ತಕದಿಮಿ ತಕದಿಮಿ. ಅಷ್ಟೇಯಾ ಹೇಳಿ ಆತು ಎನಗೆ. ಜಾಸಿಲಿ ಮಾಂತ್ರ ಎರಡು ಏಟು ಸಮ ಇರ್ತಿಲ್ಲೆಡ, ಒಂದು ಉದ್ದ, ಒಂದು ಗಿಡ್ಡ. ಅದು ಹೇಂಗೆ ಹೇಳಿ ತಲಗೆ ಹೋಯಿದೇ ಇಲ್ಲೆ. ಮರದಿನ ಆನು ಕೆರೆಮಣೆಲಿ ಕೂದು ಕಾಯಿ ಕೆರವಗ ಕೂಸು ಓಡಿ ಬಂದು, "ಇದುವೇ ದೊಡ್ಡಮ್ಮಾ! ನಿಂಗೊ ಕೆರವದು ಜಾಸ್!" ಹೇಳಿ ಕೊಣುದತ್ತು. ಮೂವತ್ತು ವರ್ಷಂದ ಕೆರೆತ್ತಾ ಇದ್ದೆ, ಆರೂ ಹೇಳಿತ್ತಿದ್ದವಿಲ್ಲೆ. ಇನ್ನು ಪದದ ಧಾಟಿಯ ಒಂದರಿ ಬಾರುಸಿ, ಮತ್ತೆ ಮನಸ್ಸಿಂಗೆ ತೋರಿದ ಹಾಂಗೆ ಬೆಳೆಶುದು ಇದ್ದಲ್ಲದಾ, ಅದು ನಮ್ಮ ಕಲ್ಪನಾಸ್ವರದ ಅಕ್ಕನೋ ತಂಗೆಯೋ ಆಯೆಕ್ಕು.

ಇದೆಲ್ಲ ಹೇಳುಲೆ ಸುರು ಮಾಡಿದ್ದು 'ವಂದೇ ಮೀನಾಕ್ಷಿ'ಯ ಕತೆ ಹೇಳಿದ ಇರುಳು. ಉಂಡಾದ ಮೇಲೆ ಹೇಳಿದೆ. ಕೂಸು ಎಂತದೂ ಮಾತಾಡಿದ್ದಿಲ್ಲೆ. ರಜ ಹೊತ್ತಪ್ಪಗ ಕವಾಟಿನ ಬಾಗಿಲಿನ ಶಬ್ದ ಕೇಳಿತ್ತು. ತಂತಿ ಎಲ್ಲಾ ಸಡಿಲ ಆಗಿತ್ತು, ಶ್ರುತಿ ಮಾಡ್ಲೇ ಹತ್ತು ನಿಮಿಷ ಹೋತು. ಸುರೂವಿಂಗೆ ಕೂದೊಂಡು, ಪಾಠಲ್ಲಿ ಹೇಳಿಕೊಟ್ಟ ಹಾಂಗೆ ನಿಧಾನಕ್ಕೆ ಬಾರುಸಿತ್ತು. ಮತ್ತೆ ಎದ್ದು ನಿಂದು, ಅದನ್ನೇ ಐರಿಶಿನೋರ ಹಾಂಗೆ ಬೇಗ ಬೇಗ. ಒಳಾಂದ ಮಾವ, "ಎರಡೂ ನೋಟುಸ್ವರವೇ ಅಲ್ಲದಾ?" ಹೇಳಿ ಕೇಳಿದವು. ಅಪ್ಪು ಮಾವ ಹೇಳಿದೆ. ಅವು ಮತ್ತೆ ಬೆರಕೆಯ ಸುದ್ದಿ ತೆಗದ್ದವಿಲ್ಲೆ, ಮಂಚದ ಮೇಲೆ ಕೈತಾಳ ಮಾಂತ್ರ ಕೇಳಿತ್ತು.

ವಿಜಯದಶಮಿ ದಿನ ಹಣ್ಣುಕಾಯಿ ಹಿಡ್ಕೊಂಡು ಪಾಠದವರಲ್ಲಿಗೆ ಕರಕ್ಕೊಂಡು ಹೋದೆ. ಅವು ಹೇಳಿದ್ದರಲ್ಲೂ ಸತ್ಯ ಇದ್ದು, ಅದರ ಬಿಡ್ಲಾಗ. ಪಾದದ ಮೇಲೆ ಪಿಟೀಲು ಊರಿದ್ದರೆ ಎಡದ ಕೈಗೆ ಅದರ ಹಿಡಿವ ಕೆಲಸ ಇಲ್ಲೆ, ಬೆರಳು ತಂತಿಲಿ ಮೇಲೆ ಕೆಳ ಸಲೀಸಾಗಿ ಜಾರುತ್ತು, ಗಮಕ ಬಪ್ಪದು ಹಾಂಗೆ. ಸದಾ ನಿಂದೊಂಡು, ಸ್ವರಂಗಳ ನೇರ ಊರಿ ಊರಿ ಅಭ್ಯಾಸ ಆದರೆ ಆ ಜಾರು ಹೋಕು ಹೇಳಿ ಅವರ ಹೆದರಿಕೆ. "ಭೈರವಿ ವರ್ಣ ಬಾರುಸು" ಹೇಳಿದವು. ಕೂಸಿನ ಕೈ ನಡುಗಿಯೊಂಡಿತ್ತು, ಆದರೂ ಎರಡು ಕಾಲಲ್ಲಿ ಬಾರುಸಿತ್ತು. ಅವು ಸುಮಾರು ಹೊತ್ತು ಕಿಟಿಕಿಂದ ಹೆರ ನೋಡಿದವು. "ಗಮಕ ಹಾಳಾಯಿದಿಲ್ಲೆ. ಉದಿಯಪ್ಪಗಾಣ ಎರಡು ಗಂಟೆ ಎನಗೆ ಬೇಕು. ಹೊತ್ತೋಪಗ ನೀನು ಎಂತ ಬಾರುಸುತ್ತೆ ಹೇಳಿ ಆನು ಕೇಳ್ತಿಲ್ಲೆ" ಹೇಳಿದವು. ಕೂಸಿಂಗೆ ಪೂರ ಸಮಾಧಾನ ಇಲ್ಲೆ. ಅವರ ಎದುರು ಒಂದರಿ ರೀಲ್ ಬಾರುಸೆಕ್ಕು ಹೇಳಿ ಆಶೆ ಅದಕ್ಕೆ.

ಈಗ ತಂಗೆಯ ತಲೆಬೆಶಿ ಪಿಯುಸಿ ಆದ ಮೇಲೆ ಎಂತ ಹೇಳಿ. ಭಾವಂಗೆ ಇಂಜಿನಿಯರಿಂಗು ಆಯೆಕ್ಕು, ಕೂಸಿಂಗೆ ಸಂಗೀತವನ್ನೇ ಓದೆಕ್ಕು. ಎರಡೂ ಕಡೆಯೋರು ಎನಗೆ ಫೋನು ಮಾಡ್ತವು. ಜ್ಯೋತ್ಸ್ನಾ ಡಾಕ್ಟ್ರಿಕ್ಕೆ ಓದಿದ್ದರ ಭಾವಂಗೆ ಹೇಳಿದೆ, ಅವು ಅದರನ್ನೇ ಹಿಡ್ಕೊಂಡವು. ಕೂಸು ಅವು ಮತ್ತೆ ಪಿಟೀಲು ಹಿಡುದ್ದರ ಹಿಡ್ಕೊಂಡತ್ತು.

ಅದರ ಎಡಕ್ಕಿಲಿ ಒಂದು ಮಾತು ಎಲ್ಲೋರೂ ಒಪ್ಪಿದವು. ನಿಡ್ಲೆಯ ಕರುಂಬಿತ್ತಿಲಿಲಿ ವಿಠಲ ರಾಮಮೂರ್ತಿಗೊ ಬೇಸಗೆ ರಜೆಲಿ ಮಾಡುವ ಸಂಗೀತ ಶಿಬಿರ ಇದ್ದನ್ನೆ. ಲಾಲ್ಗುಡಿ ಜಯರಾಮನ್ ಇವರ ಶಿಷ್ಯರು, ಮದ್ರಾಸಿಲಿ ದೊಡ್ಡ ಪಿಟೀಲುಗಾರರು, ಆದರೆ ಶಿಬಿರ ಅವರ ಹಿರಿಯೋರ ಮನೆಲೇ. ಈ ಸರ್ತಿ ಪರೀಕ್ಷೆ ಮುಗುದ ಮೇಲೆ ಅಲ್ಲಿಗೆ ಸೇರ್ಸುಲೆ ನೋಡ್ತಾ ಇದ್ದೆಯೊ. ನಿಂಗಳ ಮಕ್ಕೊ ಆರಾರು ಅಲ್ಲಿಗೆ ಹೋದೋರು ಇದ್ದರೆ ಎನಗೆ ಒಂದು ಫೋನು ಮಾಡಿ. ಹಾಸುಲೆ ಹೊದವಲೆ ಇಲ್ಲಿಂದಲೇ ಕಳ್ಸೆಕ್ಕೋ, ಉದಿಯಪ್ಪಗ ಎಷ್ಟು ಗಂಟೆಗೆ ಏಳೆಕ್ಕು, ಮತ್ತೆ ಹೊತ್ತೋಪಗ ರಜ ಬಿಡುವು ಇರ್ತೋ ಹೇಳಿ ತಿಳ್ಕೊಳ್ಳೆಕ್ಕಿತ್ತು.